ಕೌದಿಯ ಮೂಲೆಯಲ್ಲಿರುವ ಹೂವು

ದಿನನಿತ್ಯ ಬಳಸುವ ವಸ್ತುವನ್ನು ಅಂದಗೊಳಿಸುವದು ಯುಕ್ತವೋ, ಇಲ್ಲವೆ ಅದು ಬರಿಯ ಡಂಭವೋ ಎಂಬ ಪ್ರಶ್ನೆಯು ಸಣ್ಣದಾಗಿ ತೋರಿದರೂ ಸಣ್ಣದಲ್ಲ. ಯಾಕಂದರೆ ಬಡವರ ಮನೆಯಲ್ಲಿ ಕೂಲಿಗೆ ಹೋಗದ ಒಂದು ಮಧ್ಯಾಹ್ನವು ಒಂದು ಹೊತ್ತಿನ ಗಂಜಿಗೆ ಸಮವಾಗಿದೆ. ಮೊರವು ಕಾಳು ಕೇರಲು ಬಂದರೆ ಸಾಕು, ಹೊದಿಕೆಯು ಚಳಿಯನ್ನು ತಡೆದರೆ ಸಾಕು, ಅದರ ಮೇಲೆ ಚಿತ್ತಾರವೇತಕ್ಕೆ ಎಂದು ಕೇಳುವವನ ಮಾತಿನಲ್ಲಿ ನ್ಯಾಯವುಂಟು.

ಇದಕ್ಕೆ ಉತ್ತರವನ್ನು ಪಂಡಿತರಲ್ಲಿ ಹುಡುಕುವದಕ್ಕಿಂತ ಹೊಲಿಯುವವರಲ್ಲಿ ಹುಡುಕುವದು ಲೇಸು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳ ಅಡವಿಯ ಅಂಚಿನಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದವರು. ಅನೇಕರು ದಾಸರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರು. ಇವರ ಸ್ತ್ರೀಯರು ಕೌದಿ ಹೊಲಿಯುವ ಕ್ರಮವನ್ನು ಗಮನಿಸಿರಿ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಉಟ್ಟು ಸವೆದ ಬಟ್ಟೆಗಳಲ್ಲಿ ಇನ್ನೂ ಗಟ್ಟಿಯಾಗಿರುವ ಭಾಗಗಳನ್ನು ತುಂಡುಮಾಡಿ, ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಸಾಲುಸಾಲಾದ ಹೊಲಿಗೆಯು ಪದರಗಳನ್ನು ಬಿಗಿಹಿಡಿಯುತ್ತದೆ. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ರೋಮನ್ ಕಥೋಲಿಕರೂ ಇರುವದರಿಂದ, ಕೆಲವು ಕೌದಿಗಳಲ್ಲಿ ಶಿಲುಬೆಯನ್ನೂ ಕೆಲವುಗಳಲ್ಲಿ ಅರ್ಧಚಂದ್ರವನ್ನೂ ಕಾಣಬಹುದು.

ಎಲ್ಲಾ ಮುಗಿದ ಮೇಲೆ, ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ನಾಲ್ಕು ಮೂಲೆಗಳಿಗೆ ಹೊಲಿಯುತ್ತಾರೆ. ಅದರ ಹೆಸರು ಫೂಲ, ಅಂದರೆ ಹೂವು. ಅದರಿಂದ ಚಳಿಯೇನೂ ಕಡಿಮೆಯಾಗದು. ಆದಾಗ್ಯೂ ಹೂವಿಲ್ಲದ ಕೌದಿಯು ಬೆತ್ತಲೆಯಾಗಿದೆ ಎಂದು ಆ ಸ್ತ್ರೀಯರು ಹೇಳುತ್ತಾರೆ.

ಈ ಮಾತನ್ನು ಸ್ವಲ್ಪ ವಿಚಾರಿಸೋಣ. ಅದು ಕುರೂಪವಾಗಿದೆ ಎಂದು ಅವರು ಅನ್ನಲಿಲ್ಲ, ಬೆತ್ತಲೆ ಎಂದರು. ಕುರೂಪವು ಕಣ್ಣಿನ ಸಂಗತಿ. ಬೆತ್ತಲೆತನವು ಮಾನದ ಸಂಗತಿ. ಡಂಭಕ್ಕೆ ನೋಡುವವರು ಬೇಕು. ಕೌದಿಯನ್ನಾದರೋ ರಾತ್ರಿಯಲ್ಲಿ, ದೀಪವಾರಿಸಿದ ಮೇಲೆ, ಮನೆಯ ಮಕ್ಕಳು ಹೊದೆಯುತ್ತಾರೆ. ನೋಡುವವರು ಯಾರು? ತಾಯಿಯು ತನ್ನ ಮಗುವಿಗೆ ಚಿಂದಿಯ ಹೊರತು ಬೇರೇನೂ ಕೊಡಲಾರದವಳಾಗಿರಬಹುದು. ಆದರೆ ಆ ಮಗುವು ಚಿಂದಿಯನ್ನು ಹೊದೆಯಿತೆಂದು ಅನ್ನಿಸದಂತೆ ಮಾಡುವದು ಅವಳ ಕೈಯಲ್ಲಿದೆ. ಇದನ್ನು ವ್ಯರ್ಥವೆಂದು ಕರೆಯಲು ನನ್ನ ನಾಲಿಗೆ ಏಳದು.

ಎಲ್ಲಾ ಅಲಂಕಾರವೂ ಹೀಗೆಯೇ ಎಂದು ಹೇಳಲಾರೆನು. ಬೀದರಿನಲ್ಲಿ ಸತುವಿಗೆ ತುಸು ತಾಮ್ರ ಬೆರೆಸಿ ಎರಕಹೊಯ್ದು, ಬೆಳ್ಳಿಯನ್ನು ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದಲೂ ನವಸಾಗರದಿಂದಲೂ ಕಪ್ಪುಗೊಳಿಸುವ ಬಿದರಿ ಪಾತ್ರೆಗಳು ಒಂದು ಕಾಲಕ್ಕೆ ಶ್ರೀಮಂತರ ಹುಕ್ಕದ ಬುರುಡೆಯಾಗಿಯೂ ಹೂಜಿಯಾಗಿಯೂ ಬಳಕೆಯಲ್ಲಿದ್ದವು. ಈಗ ಬಹುಮಟ್ಟಿಗೆ ಗಾಜಿನ ಕಪಾಟನ್ನು ಸೇರಿವೆ. ಅತ್ತ ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು ಆರಂಭಿಸಿದ ಕಾರ್ಖಾನೆಯ ಹಂಚನ್ನು ನೋಡಿರಿ. ಅದರ ಗೆರೆಗಳು ನೀರು ಹರಿಯಲಿಕ್ಕೂ ಒಂದಕ್ಕೊಂದು ಕಚ್ಚಿಕೊಳ್ಳಲಿಕ್ಕೂ ಇರುವವೇ ಹೊರತು ಚಂದಕ್ಕಲ್ಲ. ಆದರೂ ಮಳೆಯಲ್ಲಿ ತೊಯ್ದ ಹಂಚಿನ ಮಾಡಿಗಿಂತ ಚಂದವಾದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಸಿದ್ದಿಯರ ಕೌದಿಗೂ ಈಗ ಹೊರಗಿನವರು ಬೆಲೆ ಕಟ್ಟುತ್ತಾರೆ. ೨೦೧೧ರಲ್ಲಿ ಅವುಗಳ ಪ್ರದರ್ಶನವು ನ್ಯೂಯಾರ್ಕ್ ಪಟ್ಟಣದಲ್ಲಿಯೂ ನಡೆಯಿತು. ಹೊದೆಯುವ ವಸ್ತುವು ಗೋಡೆಗೇರಿತೆಂದು ನಾವು ದುಃಖಿಸಬೇಕೋ? ಕೂಲಿಯಿಂದ ಬದುಕುವವಳಿಗೆ ಸೂಜಿಯಿಂದ ನಾಲ್ಕು ಕಾಸು ಬಂದರೆ, ಆಕ್ಷೇಪಿಸಲು ಹೊಟ್ಟೆತುಂಬಿದವನಿಗೆ ಅಧಿಕಾರವಿಲ್ಲ. ಇದ್ದಾಗ್ಯೂ ಕೊಳ್ಳುವವನು ಬಣ್ಣವನ್ನೂ ಅಳತೆಯನ್ನೂ ತಾನೇ ಗೊತ್ತುಮಾಡಿ, ಹೊಸ ಬಟ್ಟೆಯನ್ನು ಮುಂದಿಟ್ಟು, ಹೀಗೆಯೇ ಹೊಲಿ ಎಂದು ಅಪ್ಪಣೆಮಾಡಿದರೆ, ಯಾವ ತುಂಡಿನ ಪಕ್ಕದಲ್ಲಿ ಯಾವದು ಕೂಡ್ರಬೇಕೆಂಬ ತೀರ್ಮಾನವು ಅವಳ ಕೈಬಿಟ್ಟುಹೋಗುವದು. ಮನೆಯ ಮಗುವಿಗೆಂದು ಹೊಲಿದದ್ದರಲ್ಲಾದರೋ ತಂದೆಯ ಅಂಗಿಯ ತುಂಡೂ ಅಜ್ಜಿಯ ಸೀರೆಯ ಸೆರಗೂ ಗುರುತು ಸಿಗುವ ಹಾಗೆ ಪಕ್ಕಪಕ್ಕದಲ್ಲಿರುತ್ತವೆ.