ಒಂದೇ ರಸ್ತೆ, ಎರಡು ಬೆವರು

"ಸೈಕಲ್ ತಗೋಬೇಕು ಅಂತಿದ್ದೀನಿ, ಯಾವುದು ತಗೊಳ್ಳಲಿ?" ಸ್ನೇಹಿತರ ಬಳಗದಲ್ಲಿ ಈ ಪ್ರಶ್ನೆ ಈಗ ಮೊದಲಿಗಿಂತ ಜಾಸ್ತಿ ಕೇಳಿಬರ್ತಿದೆ. ಕೇಳುವವರಿಗೆಲ್ಲ ಮೂವತ್ತು ದಾಟಿದೆ. ದಿನಕ್ಕೆ ಒಂಬತ್ತು ತಾಸು ಕುರ್ಚಿ, ಸಂಜೆಗೆ ಬೆನ್ನುನೋವು, ವರ್ಷಕ್ಕೊಮ್ಮೆ ಆಫೀಸಿನವರು ಮಾಡಿಸುವ ಹೆಲ್ತ್ ಚೆಕಪ್‌ನಲ್ಲಿ ಗಡಿಯ ಮೇಲೆ ನಿಂತ ಶುಗರ್. ನಾನೂ ಅದೇ ಪಟ್ಟಿಯವನು. ಶಕ್ತಿನಗರದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡ್ತೀನಿ. ಡಾಕ್ಟರು "ದೇಹಕ್ಕೆ ಸ್ವಲ್ಪ ಕೆಲಸ ಕೊಡ್ರಿ" ಅಂದ ಮೇಲೆ ಪೆಡಲ್ ತುಳಿಯೋಕೆ ಶುರು ಮಾಡಿದವನು.

ಯಾವ ಸೈಕಲ್ ಅನ್ನೋದು ಅಷ್ಟೇನೂ ಕಷ್ಟದ ಪ್ರಶ್ನೆಯಲ್ಲ. ಅದನ್ನು ಮೊದಲು ಮುಗಿಸಿಬಿಡೋಣ. ಕಷ್ಟದ ಪ್ರಶ್ನೆ ಆಮೇಲೆ ಬರುತ್ತದೆ.

ಅಂಗಡಿಗೆ ಹೋದರೆ ಮುಖ್ಯವಾಗಿ ಮೂರು ಜಾತಿ ತೋರಿಸ್ತಾರೆ. ರೋಡ್ ಬೈಕ್ ಅಂದರೆ ಕೆಳಗೆ ಬಾಗಿದ ಹ್ಯಾಂಡಲ್, 25–28 ಮಿ.ಮೀ. ಅಗಲದ ತೆಳು ಟೈರು. ನುಣ್ಣನೆಯ ಡಾಂಬರು ರಸ್ತೆ ಸಿಕ್ಕರೆ ಗಾಳಿಯ ಹಾಗೆ ಓಡುತ್ತದೆ. ಎಂಟಿಬಿ ಅಂದರೆ ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್. ಅದು ಗುಡ್ಡದ ಕಲ್ಲುದಾರಿಗೆ ಮಾಡಿದ್ದು, ಕಡಿಮೆ ಬೆಲೆಯದಾದರೆ ಆ ಶಾಕ್ ಅಬ್ಸಾರ್ಬರ್ ನಿಮಗೆ ಕೊಡೋದು ಸುಖಕ್ಕಿಂತ ಹೆಚ್ಚಾಗಿ ಭಾರವನ್ನೇ. ಇವೆರಡರ ನಡುವಿನದು ಹೈಬ್ರಿಡ್: ನೇರ ಹ್ಯಾಂಡಲ್, 35–40 ಮಿ.ಮೀ. ಟೈರು, ಬೆನ್ನು ಪೂರ್ತಿ ಬಗ್ಗಿಸಬೇಕಾಗಿಲ್ಲ.

ರಾಯಚೂರು ಕಡೆಯ ನೆಲ ನೋಡಿ ಹೇಳೋದಾದರೆ ನನ್ನ ಓಟು ಹೈಬ್ರಿಡ್‌ಗೆ. ಇಲ್ಲಿ ದೊಡ್ಡ ಏರು ಇಲ್ಲ, ಏಳೆಂಟು ಗೇರು ಧಾರಾಳ ಸಾಕು. ಆದರೆ ಆಷಾಢದ ಎದುರುಗಾಳಿ ಇದೆ, ಅದು ಗುಡ್ಡಕ್ಕೇನೂ ಕಮ್ಮಿಯಲ್ಲ. ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ನಸುಕಿನಲ್ಲಿ ಹೊರಟು ಏಳಕ್ಕೆ ಮನೆ ಸೇರಬೇಕು. ರಸ್ತೆಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಅದರ ಮುಳ್ಳು ಸೈಕಲ್ಲಿನ ಬೆಲೆ ಕೇಳಿ ಚುಚ್ಚೋದಿಲ್ಲ. ಒಂದು ಹೆಚ್ಚುವರಿ ಟ್ಯೂಬು, ಒಂದು ಸಣ್ಣ ಪಂಪು ಜೊತೆಗಿರಲಿ.

ಇದಕ್ಕಿಂತ ಮುಖ್ಯವಾದದ್ದು ಅಳತೆ. ಸೈಕಲ್ಲಿನ ಮೇಲ್ಪಟ್ಟಿಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಒಂದೆರಡು ಇಂಚು ಅಂತರ ಇರಬೇಕು. ಸೀಟಿನ ಮೇಲೆ ಕೂತು, ಪೂರ್ತಿ ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಲ್ಲಿ ತುಳಿದಾಗ ಮೊಣಕಾಲು ಸ್ವಲ್ಪವೇ ಮಡಚಿರುತ್ತದೆ. ಸೀಟು ಅದಕ್ಕಿಂತ ಕೆಳಗಿದ್ದರೆ ಪ್ರತಿ ತುಳಿತದ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ಈ ಕೊನೆಯ ಮಾತು ನೆನಪಿನಲ್ಲಿಟ್ಟುಕೊಳ್ಳಿ. ಕಷ್ಟದ ಪ್ರಶ್ನೆ ಇಲ್ಲಿಂದಲೇ ಶುರು.

ಬೆಳಗಿನ ಹೊತ್ತು ರಾಯಚೂರು–ಹೈದರಾಬಾದ್ ರಸ್ತೆಯಲ್ಲಿ ಸೈಕಲ್ ತುಳಿಯುವವನು ನಾನೊಬ್ಬನೇ ಅಲ್ಲ. ಕ್ಯಾರಿಯರ್‌ಗೆ ಬುತ್ತಿ ಡಬ್ಬಿ ಕಟ್ಟಿಕೊಂಡು, ಹಳೇ ಕರಿ ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರು ಇದ್ದಾರೆ. ಅವರಲ್ಲಿ ಒಬ್ಬರ ಜೊತೆ ಮುಖಪರಿಚಯ ಮಾತಾಗಿ ಬೆಳೆಯಿತು. ಐವತ್ತರ ಆಸುಪಾಸು, ಪಕ್ಕದ ಹಳ್ಳಿಯವರು, ಗುತ್ತಿಗೆ ಕೆಲಸ. ಚಹಾದ ಅಂಗಡಿ ಮುಂದೆ ಒಂದು ದಿನ ನನ್ನ ಸೈಕಲ್ಲನ್ನು ಸುತ್ತು ಹಾಕಿ ನೋಡಿದರು.

"ಎಷ್ಟು ಕೊಟ್ರಿ ಸರ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇಷ್ಟ್ ಕೊಟ್ರೂ ತುಳೀಲೇಬೇಕಲ್ರಿ?"

ಇಬ್ಬರೂ ನಕ್ಕೆವು. ಡಾಕ್ಟರು ಹೇಳಿದ್ದಕ್ಕೆ ತುಳೀತಿದ್ದೀನಿ ಅಂದೆ. ಅದಕ್ಕವರು ಹೇಳಿದ್ದು ಇಷ್ಟು: "ನನಗೂ ಡಾಕ್ಟರು ಹೇಳ್ಯಾರ್ರಿ. ಸೈಕಲ್ ಬಿಡು, ಮೊಣಕಾಲು ಸವದಾವ ಅಂತ."

ಅವರ ಸೈಕಲ್ಲಿನ ಸೀಟು ತೀರಾ ಕೆಳಗಿತ್ತು. ಯಾಕೆ ಇಷ್ಟು ಕೆಳಗೆ ಇಟ್ಟೀರಿ ಅಂತ ಕೇಳಿದೆ. "ಲಾರಿ ಬಂದಾಗ ಎರಡೂ ಕಾಲು ನೆಲಕ್ಕ ಮುಟ್ಟಬೇಕಲ್ರಿ. ಮ್ಯಾಲ ಏರಿಸಿದ್ರ ಹಿಂದಿನ ವಜ್ಜಿಗೆ ವಾಲ್ತದ," ಅಂದರು. ಪಾನಾ ಹಿಡಿದು ಸೀಟು ಏರಿಸೋದು ಎರಡು ನಿಮಿಷದ ಕೆಲಸ. ಆದರೆ ಅವರ ಲೆಕ್ಕದಲ್ಲಿ ಮೊಣಕಾಲು ಸವೆಯೋದು ನಿಧಾನ, ಲಾರಿ ಬರೋದು ಈಗ. ಕ್ರೀಡಾ ವಿಜ್ಞಾನದ ಅಳತೆಯನ್ನು ಅವರ ರಸ್ತೆಯೇ ತಳ್ಳಿಹಾಕಿತ್ತು.

ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಕೆಲಸ. ಒಬ್ಬನಿಗೆ ಅದು ಔಷಧಿ, ಇನ್ನೊಬ್ಬನಿಗೆ ಅದು ರೋಗ. ನಾನು ದುಡ್ಡು ಖರ್ಚು ಮಾಡಿ ಬೆವರು ಸುರಿಸ್ತೀನಿ, ಅವರು ಬೆವರು ಸುರಿಸಿ ದುಡ್ಡು ಉಳಿಸ್ತಾರೆ. ನಾನು ಇಪ್ಪತ್ತು ಕಿಲೋಮೀಟರ್ ತುಳಿದು ಬಂದರೆ "ಭಾರಿ ಶಿಸ್ತು" ಅಂತ ಹೊಗಳ್ತಾರೆ. ಅವರು ಎಷ್ಟೇ ತುಳಿದರೂ "ಪಾಪ, ಇನ್ನೂ ಸೈಕಲ್ಲೇ" ಅಂತಾರೆ. ಹಾಗಾದರೆ ನಾವು ಮರ್ಯಾದೆ ಕೊಡ್ತಿರೋದು ಶ್ರಮಕ್ಕೋ, ಅಥವಾ ಆ ಶ್ರಮವನ್ನು ಬೇಕಾದಾಗ ಬಿಡಬಲ್ಲ ಅನುಕೂಲಕ್ಕೋ?

ಶಕ್ತಿನಗರದಲ್ಲಿದ್ದು ಶ್ರಮದ ಬೆಲೆ ಕಟ್ಟೋದು ಒಂಥರಾ ತಮಾಷೆ. ಕೃಷ್ಣಾ ದಂಡೆಯ ಈ ಊರಿನ ಬದುಕು ನಿಂತಿರೋದೇ ವಿದ್ಯುತ್ತಿನ ಮೇಲೆ. 1985ರಲ್ಲಿ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕ ಸೇರಿ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಸಾಮಾನ್ಯ ಮನುಷ್ಯ ಒಂದು ತಾಸು ಬಿಡದೆ ಪೆಡಲ್ ತುಳಿದರೆ ಸುಮಾರು 100 ವ್ಯಾಟ್ ಹುಟ್ಟಿಸಬಲ್ಲ. ಅಂದರೆ 210 ಮೆಗಾವ್ಯಾಟ್‌ನ ಒಂದೇ ಒಂದು ಘಟಕಕ್ಕೆ ಸಮ ಆಗಬೇಕಾದರೆ 21 ಲಕ್ಷ ಜನ ಕೂಡಿ ತುಳೀಬೇಕು. ನಾನೊಬ್ಬನೇ ಹತ್ತು ತಾಸು ತುಳಿದರೆ ಒಂದು ಯೂನಿಟ್ ಕರೆಂಟು! ಮನೆಗೆ ಬರುವ ಬಿಲ್ಲಿನಲ್ಲಿ ಅದರ ಬೆಲೆ ಒಂದು ಚಹಾದ ಆಸುಪಾಸು.

ಹಾಗಾಗಿ ಯಂತ್ರದ ಲೆಕ್ಕದಲ್ಲಿ ಮನುಷ್ಯನ ಬೆವರಿಗೆ ಕಿಮ್ಮತ್ತೇ ಇಲ್ಲ. ನನ್ನದಕ್ಕೂ ಇಲ್ಲ, ಅವರದಕ್ಕೂ ಇಲ್ಲ. ಬೆವರಿನ ಬೆಲೆ ಇರೋದು ಅದು ಯಾರ ದೇಹಕ್ಕೆ ಏನು ಮಾಡುತ್ತದೆ ಅನ್ನೋದರಲ್ಲಿ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಅದಕ್ಕೆ ಕ್ಯಾಲೆಂಡರ್‌ನಲ್ಲಿ ಜಾಗ ಹುಡುಕ್ತೀನಿ. ಅವರು ಬುಧವಾರದೊಳಗೇ ಅದನ್ನು ಮುಗಿಸಿರ್ತಾರೆ. ಆದರೆ ನನಗೆ ನಿದ್ದೆ ಇದೆ, ಹೊತ್ತಿಗೆ ಊಟ ಇದೆ, ಕಾಲು ನೋವಾದರೆ ನಾಳೆ ರಜೆ ಇದೆ. ವ್ಯಾಯಾಮಕ್ಕೂ ದುಡಿತಕ್ಕೂ ಇರುವ ವ್ಯತ್ಯಾಸ ಪೆಡಲ್‌ನಲ್ಲಿಲ್ಲ, ಆ ನಾಳೆಯ ರಜೆಯಲ್ಲಿದೆ.

ಇಲ್ಲಿಗೆ ಬಂದಾಗ ನಮ್ಮಂಥವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡೀತೀವಿ. ಒಂದು, ನಾಚಿಕೆ: ಅಯ್ಯೋ, ಬಡವರ ಎದುರು ಇಷ್ಟು ದುಬಾರಿ ಸೈಕಲ್ಲೇ! ಇನ್ನೊಂದು, ಭಾವುಕತೆ: ಆಹಾ, ಹಳೇ ಕಾಲದ ಅಟ್ಲಾಸ್, ಎಂಥಾ ಸರಳ ಬದುಕು! ಎರಡರಿಂದಲೂ ಆ ಮನುಷ್ಯನಿಗೆ ನಯಾಪೈಸೆ ಪ್ರಯೋಜನವಿಲ್ಲ. ನಾನು ಸೈಕಲ್ ಮಾರಿಬಿಟ್ಟರೆ ಅವರ ಮೊಣಕಾಲು ವಾಸಿಯಾಗಲ್ಲ. ಅವರ ಸೈಕಲ್ಲಿನ ಫೋಟೋ ತೆಗೆದು ಹಾಕಿದರೆ ಲಾರಿ ನಿಧಾನವಾಗಲ್ಲ. ಭಾವುಕರಾಗುವವರು ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ. ಲಾಕ್‌ಡೌನ್ ಸಡಿಲವಾದ ಅದೇ ವರ್ಷ ನಗರಗಳಲ್ಲಿ ಗೇರ್ ಸೈಕಲ್ಲಿಗೆ ಬೇಡಿಕೆ ಏರಿತ್ತು.

ಆಯ್ಕೆ ಇಲ್ಲದವರ ಕೈಗೆ ಸೈಕಲ್ ಸಿಕ್ಕರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿತು. ಹುಡುಗರಿಗೊಂದು ಮಾದರಿ, ಹುಡುಗಿಯರಿಗೊಂದು ಮಾದರಿ, ಅಷ್ಟೇ. ನಿನ್ನ ಎತ್ತರ ಎಷ್ಟು, ಎಂಥ ರಸ್ತೆ ಅಂತ ಯಾರೂ ಕೇಳಲಿಲ್ಲ. ಆದರೂ ಹೈಸ್ಕೂಲು ಪಕ್ಕದೂರಿನಲ್ಲಿದ್ದ ಹುಡುಗಿಗೆ ಆ ಸೈಕಲ್ ದೊಡ್ಡ ಆಸರೆ. ಅಳತೆ ಸರಿಯಿರಲಿ ಬಿಡಲಿ, ಅದಕ್ಕೆ ಹೋಗಬೇಕಾದ ಒಂದು ಜಾಗ ಇತ್ತು. ಈ ಅರ್ಥದಲ್ಲಿ ಅದು "ಸರಿಯಾದ ಸೈಕಲ್". ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಧೂಳು ಹಿಡಿದು ನಿಂತ ಸೈಕಲ್ಲುಗಳ ಅಳತೆಯೆಲ್ಲ ಸರಿಯಾಗೇ ಇದೆ, ಅವಕ್ಕೆ ಹೋಗಬೇಕಾದ ಜಾಗವೇ ಇಲ್ಲ.

ಎಷ್ಟು ಸಾಕು ಅನ್ನುವ ಪ್ರಶ್ನೆ ಈ ಜಿಲ್ಲೆಗೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಆತ ದಿನದ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ವಾಪಸ್ ಚೆಲ್ಲಿ ಬಾ ಅಂತ ಲಕ್ಕಮ್ಮ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಇದನ್ನು ಬಡತನದ ಹೊಗಳಿಕೆ ಅಂತ ಓದೋದು ಸುಲಭ. ನನಗೆ ಅದು ಹಾಗೆ ಕಾಣಲ್ಲ. ಕೈಯಲ್ಲಿರೋದು ಅಗತ್ಯಕ್ಕೋ, ಆಸೆಗೋ ಅಂತ ನೋಡಿ ಹೇಳಬಲ್ಲ ಕಣ್ಣು ಆಕೆಗಿತ್ತು. ಕಾಯಕ ಅನ್ನುವ ಮಾತಿನೊಳಗೆ ಕಾಯ ಇದೆ, ಅಂದರೆ ದೇಹ. ದೇಹ ದುಡಿಯಬೇಕು, ಆ ದುಡಿತಕ್ಕೆ ಒಂದು ಉದ್ದೇಶವೂ ಇರಬೇಕು. ವ್ಯಾಯಾಮದಲ್ಲಿ ಮೊದಲನೆಯದು ಇದೆ, ಎರಡನೆಯದನ್ನು ನಾವೇ ಸೇರಿಸಬೇಕು.

ಹಾಗಾಗಿ ಸೈಕಲ್ ಕೇಳುವವರಿಗೆ ನಾನೊಂದು ಪರೀಕ್ಷೆ ಹೇಳ್ತೀನಿ. ತರಕಾರಿ ಮಾರ್ಕೆಟ್ಟಿನ ಹೊರಗೆ ಬೀಗ ಹಾಕಿ, ಹತ್ತು ನಿಮಿಷ ನಿಶ್ಚಿಂತೆಯಿಂದ ಬಿಟ್ಟುಹೋಗೋಕೆ ಆಗುವ ಸೈಕಲ್ಲೇ ನಿಮ್ಮ ಸೈಕಲ್. ಅಷ್ಟು ದೂರ ಬಿಟ್ಟಿರಲಾರೆ ಅನ್ನಿಸಿದರೆ ಅದು ನಿಮ್ಮ ಅಗತ್ಯಕ್ಕಿಂತ ದುಬಾರಿ. ಅದಕ್ಕೊಂದು ಕ್ಯಾರಿಯರ್ ಹಾಕಿಸಿ, ಚೆಂದ ಕಾಣದಿದ್ದರೂ ಪರವಾಗಿಲ್ಲ. ಹಿಂದೊಂದು ಕೆಂಪು ದೀಪ ಇರಲಿ. ಹಾಲು, ಸೊಪ್ಪು, ಅಂಚೆ ಕಚೇರಿ, ಮಗುವಿನ ಶಾಲೆ, ಯಾವುದಾದರೂ ಒಂದು ಕೆಲಸವನ್ನು ಗಾಡಿಯಿಂದ ಕಿತ್ತು ಸೈಕಲ್ಲಿಗೆ ಕೊಡಿ. ಮನಸ್ಸಿಲ್ಲದ ದಿನವೂ ಕೆಲಸ ನಿಮ್ಮನ್ನು ಎಬ್ಬಿಸಿ ಕರಕೊಂಡು ಹೋಗುತ್ತದೆ. ಫಿಟ್ನೆಸ್ ತಾನಾಗೇ ಹಿಂದೆ ಬರುತ್ತದೆ.

ಇದರಿಂದ ಇನ್ನೊಂದು ಲಾಭ ಇದೆ, ಅದೇ ದೊಡ್ಡದು. ಬೆಂಗಳೂರಿನಲ್ಲಿ 2013ರಿಂದ ಸೈಕಲ್ ಡೇ ನಡೀತಿದೆ. ಭಾನುವಾರ ಬೆಳಿಗ್ಗೆ ಒಂದು ರಸ್ತೆಯಲ್ಲಿ ವಾಹನ ನಿಲ್ಲಿಸಿ ಸೈಕಲ್ಲಿಗೆ ಬಿಡ್ತಾರೆ. ಒಳ್ಳೇದೇ, ಮಕ್ಕಳು ನಗ್ತಾ ತುಳೀತಾರೆ. ಆದರೆ ಬುತ್ತಿ ಕಟ್ಟಿಕೊಂಡು ಹೋಗುವವನ ಸೈಕಲ್ ಡೇ ಸೋಮವಾರ. ಮಂಗಳವಾರ. ಬುಧವಾರ. ವ್ಯಾಯಾಮಕ್ಕೆ ತುಳಿಯುವವನು ಲಾರಿ ಇಲ್ಲದ ಹೊತ್ತನ್ನು ಹುಡುಕಿಕೊಳ್ತಾನೆ, ಹಾಗಾಗಿ ರಸ್ತೆ ಬದಲಾಗಬೇಕು ಅಂತ ಅವನಿಗೆ ಅನ್ನಿಸೋದೇ ಇಲ್ಲ. ಕೆಲಸಕ್ಕೆ ತುಳಿಯುವವನಿಗೆ ಹೊತ್ತು ಆರಿಸುವ ಹಕ್ಕಿಲ್ಲ. ನಾವೂ ವಾರದ ದಿನ, ಕೆಲಸದ ಹೊತ್ತಿನಲ್ಲಿ, ಚೀಲ ನೇತುಹಾಕಿಕೊಂಡು ರಸ್ತೆಗಿಳಿದರೆ ಅವರ ರಸ್ತೆ ನಮ್ಮದೂ ಆಗುತ್ತದೆ. ಡಾಂಬರಿನ ಅಂಚು ಒಡೆದು ಅರ್ಧ ಅಡಿ ಕೆಳಗೆ ಬಿದ್ದಿರೋದು, ಬೀದಿದೀಪ ಇಲ್ಲದಿರೋದು, ಅಂಚಿನ ಜಾಲಿ ಕಡಿಯದೇ ಇರೋದು ಆಗ ನಮ್ಮ ಕಣ್ಣಿಗೂ ಬೀಳುತ್ತದೆ. ಅರ್ಜಿ ಬರೆಯೋಕೆ, ಮತ್ತೆ ಮತ್ತೆ ಫೋನ್ ಮಾಡೋಕೆ, ಯಾರ ಟೇಬಲ್ ಮೇಲೆ ಫೈಲ್ ಇದೆ ಅಂತ ವಿಚಾರಿಸೋಕೆ ನಮ್ಮ ಹತ್ತಿರ ಸಮಯ, ಭಾಷೆ, ಧೈರ್ಯ ಮೂರೂ ಇವೆ. ಆಯ್ಕೆ ಇರುವವನಿಗೆ ಸಾಲ ಅಂತ ಏನಾದರೂ ಇದ್ದರೆ ಅದು ಇದೇ.

ಅದನ್ನು ದಯೆ ಅಂತ ಕರೀಬೇಡಿ. ರಸ್ತೆಯ ಅಂಚಿನಲ್ಲಿ ಎರಡು ಅಡಿ ಗಟ್ಟಿ ನೆಲ ಸಿಕ್ಕರೆ, ಲಾರಿಗೆ ಹೆದರಿ ಎರಡೂ ಕಾಲು ನೆಲಕ್ಕೆ ಊರುವ ಅಗತ್ಯ ಕಮ್ಮಿಯಾದರೆ, ಸೀಟು ಎಷ್ಟು ಎತ್ತರ ಇರಬೇಕು ಅನ್ನೋದನ್ನು ಅವರೇ ತೀರ್ಮಾನ ಮಾಡ್ತಾರೆ. ಪಾನಾ ಅವರ ಹತ್ತಿರವೂ ಇದೆ.