ಹಳೆಯ ಉತ್ತರಕ್ಕೂ ಒಂದು ಅವಧಿ ಇರಲಿ

*ಇಂದಿನ ಚಿಂತನ*

ಒಬ್ಬ ಮನುಷ್ಯನ ಬಗ್ಗೆ ನಮಗೆ ಒಮ್ಮೆ ತಿಳಿದ ಸಂಗತಿಯನ್ನು ಎಷ್ಟು ದಿನ ನಿಜವೆಂದು ಇಟ್ಟುಕೊಳ್ಳಬಹುದು? ಒಂದು ವರ್ಷವೋ, ಹತ್ತು ವರ್ಷವೋ, ಅವನು ಸಾಯುವವರೆಗೋ? ನೀತಿಯ ಈ ಪ್ರಶ್ನೆಯ ಬಗ್ಗೆ ಯೋಚಿಸಲು ನಮ್ಮ ಮೊಬೈಲಿನ ಹಿಂದೆ ಹಗಲೂ ರಾತ್ರಿ ದುಡಿಯುವ ಒಂದು ವ್ಯವಸ್ಥೆ ನೆರವಾಗುತ್ತದೆ. ಅದರ ಹೆಸರು ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್.

ಊರಿಗೆ ಹೊಸಬರು ಬಂದು ‘ಮಾಸ್ತರ ಮನಿ ಎಲ್ಲಿ?’ ಎಂದು ಕಟ್ಟೆಯ ಮೇಲೆ ಕೂತವರನ್ನು ಕೇಳುತ್ತಾರಲ್ಲ, ಇದೂ ಹಾಗೆಯೇ. ಇಂಟರ್‌ನೆಟ್ಟಿನಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ವಿಳಾಸದಿಂದ. ಮನುಷ್ಯರಿಗೆ ಅಷ್ಟು ಅಂಕಿ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ನಾವು ಹೆಸರು ಬರೆದರೆ ಅದರ ಅಂಕಿಯನ್ನು ಹುಡುಕಿ ಕೊಡುವುದೇ ಡಿಎನ್‌ಎಸ್ ಕೆಲಸ.

ಮೊದಮೊದಲು ಹೆಸರುಗಳ ಪಟ್ಟಿ ಒಂದೇ ಕಡೆ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರದ ಹೆಸರು ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು, ಉಳಿದವರೆಲ್ಲ ಆ ಪಟ್ಟಿಯ ನಕಲು ತರಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಒಂದೇ ಪಟ್ಟಿಗೆ ಆ ಭಾರ ಹೊರಲಾಗಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹೊಸ ವ್ಯವಸ್ಥೆಯನ್ನು ರೂಪಿಸಿದರು. ಅದರ ಮೂಲ ನಿಯಮ ಸರಳ: *ಯಾರ ಹೆಸರೋ ಅದರ ಉತ್ತರ ಅವರ ಕೈಯಲ್ಲೇ ಇರಬೇಕು.* ಆ ಉತ್ತರ ಇಟ್ಟುಕೊಂಡ ಸರ್ವರನ್ನು ಅಧಿಕೃತ ಸರ್ವರ್ ಎನ್ನುತ್ತಾರೆ. ನಮ್ಮ ದೇಶದ ‘.ಇನ್’ ಹೆಸರುಗಳನ್ನೂ, ಕನ್ನಡ ಲಿಪಿಯಲ್ಲೇ ಬರೆಯಬಹುದಾದ ‘.ಭಾರತ’ ಹೆಸರುಗಳನ್ನೂ ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. ಅದು ಕೂಡ ಪ್ರತಿ ಹೆಸರಿನ ಒಳವಿವರ ಇಟ್ಟುಕೊಳ್ಳುವುದಿಲ್ಲ. ‘ಈ ಹೆಸರಿನ ಉತ್ತರ ಇಂಥ ಸರ್ವರಿನಲ್ಲಿದೆ, ಅಲ್ಲಿ ಕೇಳಿ’ ಎಂದು ದಾರಿ ತೋರಿಸುತ್ತದೆ.

ಆದರೆ ಪ್ರತಿ ಸಲವೂ ಮೂಲಕ್ಕೇ ಹೋಗಿ ಕೇಳುತ್ತಾ ಕೂತರೆ ಕೆಲಸ ಸಾಗದು. ಅದಕ್ಕೇ ನಡುವಿನ ಸರ್ವರುಗಳು ಒಮ್ಮೆ ಸಿಕ್ಕ ಉತ್ತರವನ್ನು ನಕಲು ಮಾಡಿ ಇಟ್ಟುಕೊಳ್ಳುತ್ತವೆ. ಪ್ರತಿ ಉತ್ತರದ ಜೊತೆ ಒಂದು ಅವಧಿ ಬರುತ್ತದೆ. ಇದಕ್ಕೆ ಟಿಟಿಎಲ್ ಎನ್ನುತ್ತಾರೆ. 86,400 ಎಂದು ಬರೆದಿದ್ದರೆ ಅಷ್ಟು ಸೆಕೆಂಡು, ಅಂದರೆ ಒಂದು ದಿನ, ಆ ನಕಲನ್ನು ಬಳಸಬಹುದು. ಮುಗಿದ ಮೇಲೆ ಮತ್ತೆ ಕೇಳಬೇಕು. ಈ ಅವಧಿಯನ್ನು ಗೊತ್ತುಮಾಡುವ ಅಧಿಕಾರ ಹೆಸರಿನ ಒಡೆಯನದು, ನಕಲು ಇಟ್ಟುಕೊಂಡವನದಲ್ಲ. ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರಕ್ಕೂ ಇದೇ ನಿಯಮ. ಇವತ್ತು ಇಲ್ಲದ್ದು ನಾಳೆ ಇರಬಹುದು.

ವಿಳಾಸ ಬದಲಾಯಿಸುವವನಿಗೂ ಕರ್ತವ್ಯಗಳಿವೆ. ಜಾಣ ನಿರ್ವಾಹಕ ಕೆಲವು ದಿನ ಮೊದಲೇ ಅವಧಿಯನ್ನು 300 ಸೆಕೆಂಡಿಗೆ ಇಳಿಸುತ್ತಾನೆ. ಆಮೇಲೆ ದಾಖಲೆ ತಿದ್ದುತ್ತಾನೆ, ಅದರ ಸೀರಿಯಲ್ ನಂಬರನ್ನು ಹೆಚ್ಚಿಸುತ್ತಾನೆ. ಜೊತೆಯ ಸರ್ವರುಗಳು ಆ ನಂಬರ್ ಹೆಚ್ಚಾದದ್ದನ್ನು ಕಂಡರೆ ಮಾತ್ರ ಹೊಸ ದಾಖಲೆ ತರಿಸಿಕೊಳ್ಳುತ್ತವೆ. ಹಳೆಯ ಯಂತ್ರವನ್ನು ಅವನು ತಕ್ಷಣ ಬಂದ್ ಮಾಡುವುದಿಲ್ಲ. ಹಳೆಯ ನಕಲು ಹಿಡಿದುಕೊಂಡು ಇನ್ನೂ ಯಾರೋ ಬರುತ್ತಾರೆ. ಅವಧಿ ಮುಗಿಯುವವರೆಗೆ ಕಾಯುತ್ತಾನೆ, ಆಮೇಲೆ ಬಂದ್ ಮಾಡುತ್ತಾನೆ. ಅಂದರೆ ಇಲ್ಲಿ ತಾಳ್ಮೆ ಇದೆ, ಆದರೆ *ತಾಳ್ಮೆಗೂ ಒಂದು ಕೊನೆ ಇದೆ.*

ಯಂತ್ರಗಳ ಮಾತು ಇಷ್ಟು. ಈಗ ಊರುಗಳ ಮಾತು. 2014ರ ನವೆಂಬರ್ 1ರಂದು ನಮ್ಮ ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲೂ ‘ಬೆಲ್ಗಾಂ’ ಹೋಗಿ ‘ಬೆಳಗಾವಿ’ ಆಯಿತು. ರೈಲು ನಿಲ್ದಾಣದ ಕೋಡ್ ಮಾತ್ರ ಬಿಜಿಎಂ ಎಂದೇ ಉಳಿಯಿತು. ಇದರಿಂದ ಯಾರ ಮನಸ್ಸೂ ನೋಯಲಿಲ್ಲ. ಊರಿಗೆ ಹಳೆಯ ಹೆಸರು ಅಂಟಿಕೊಂಡರೆ ದೊಡ್ಡ ತೊಂದರೆಯಿಲ್ಲ. ಮನುಷ್ಯನಿಗೆ ಅಂಟಿಕೊಂಡರೆ ಅವನ ಬದುಕೇ ಅಲ್ಲಿ ನಿಂತುಬಿಡುತ್ತದೆ.

ಬಾಬಾಸಾಹೇಬರು ‘ಅವೇ ಫ್ರಮ್ ದಿ ಹಿಂದೂಸ್’ ಎಂಬ ಬರಹದಲ್ಲಿ ಇದನ್ನೇ ಚರ್ಚಿಸಿದ್ದಾರೆ. ಅವಮಾನದ ಹೆಸರಿನಿಂದ ಪಾರಾಗಲು ಒಂದೊಂದು ಸಮುದಾಯ ಒಂದೊಂದು ಹೊಸ ಹೆಸರು ಇಟ್ಟುಕೊಂಡಿತು: ಆದಿ ದ್ರಾವಿಡ, ಅರುಂಧತೀಯ, ಚೋಖಾಮೇಳಾ. ಆದರೆ ಹಳೆಯ ವ್ಯವಸ್ಥೆಯ ಒಳಗೇ ಇದ್ದು ಹೆಸರಷ್ಟನ್ನೇ ಬದಲಿಸಿದರೆ ಅದು ಬಾಳುವುದಿಲ್ಲ ಎಂಬುದು ಅವರ ವಾದ. ಅದು ಯಾಕೆಂದು ನಮಗೆ ಅನುಭವದಿಂದಲೇ ಗೊತ್ತು. ‘ಯಾವ ಊರು? ಅಡ್ಡಹೆಸರೇನು? ಯಾವ ಓಣಿ?’ ಎಂದು ಕೇಳುತ್ತಾ ಹೋಗುವವನು ತಿಳಿದುಕೊಳ್ಳಲು ಕೇಳುತ್ತಿರುವುದಿಲ್ಲ. ಉತ್ತರ ಅವನ ಹತ್ತಿರ ಮೊದಲೇ ಇದೆ, ಅದು ಸಿಗುವವರೆಗೆ ಅವನು ಬಿಡುವುದಿಲ್ಲ. ಜಾತಿ ಎಂದರೆ ಅವಧಿಯೇ ಇಲ್ಲದ ನಕಲು. ಆ ಹೆಸರಿನ ಒಡೆಯನನ್ನು ಯಾರೂ ಕೇಳಿಯೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನೆನಪು ಬೇಡವೇ? ಕುಡಿದು ಹೊಡೆಯುತ್ತಿದ್ದ ಗಂಡ ‘ನಾ ಬಿಟ್ಟೇನಿ’ ಎಂದ ಕೂಡಲೇ ಹೆಂಡತಿ ಎಲ್ಲವನ್ನೂ ಮರೆಯಬೇಕೇ? ಖಂಡಿತ ಬೇಡ. ಅವಧಿ ಮುಗಿದಾಗ ಸರ್ವರ್ ಹಳೆಯ ಉತ್ತರವನ್ನು ಸುಳ್ಳು ಎನ್ನುವುದಿಲ್ಲ, ಮತ್ತೊಮ್ಮೆ ಕೇಳುತ್ತದೆ ಅಷ್ಟೆ. ಉತ್ತರ ಬದಲಾಗದೆ ಇದ್ದರೆ ಅದನ್ನೇ ಇಟ್ಟುಕೊಳ್ಳುತ್ತದೆ. ಮನುಷ್ಯನ ವಿಷಯದಲ್ಲಿ ನಾವು ಕೇಳಬೇಕಾದದ್ದು ಅವನ ಬಾಯಿಯನ್ನಲ್ಲ, ಅವನ ನಡತೆಯನ್ನು.

ಅಂಗುಲಿಮಾಲನ ಕತೆಯಲ್ಲಿ ಪಸೇನದಿ ರಾಜ ಮಾಡಿದ್ದು ಇದನ್ನೇ. ಕಳ್ಳನನ್ನು ಹಿಡಿಯಲು ಕುದುರೆ ಸವಾರರೊಡನೆ ಹೊರಟವನಿಗೆ ಭಗವಾನ್ ಬುದ್ಧರು ಪಕ್ಕದಲ್ಲೇ ಕೂತಿದ್ದ ಭಿಕ್ಖುವನ್ನು ತೋರಿಸಿದರು. ರಾಜ ಮೊದಲು ಹೆದರಿದ. ಹೆದರಿಕೆ ತಪ್ಪಲ್ಲ, ಹಳೆಯ ಉತ್ತರ ಅಂಥದಿತ್ತು. ಆಮೇಲೆ ಹತ್ತಿರ ಹೋಗಿ ‘ಭಂತೆ, ನಿಮ್ಮ ತಂದೆ ತಾಯಿ ಯಾವ ಗೋತ್ರದವರು?’ ಎಂದು ಕೇಳಿದ. ‘ತಂದೆ ಗಗ್ಗ, ತಾಯಿ ಮಂತಾಣಿ’ ಎಂಬ ಉತ್ತರ ಬಂತು. ಅಂದಿನಿಂದ ರಾಜನಿಗೆ ಅವನು ‘ಗಗ್ಗ ಮಂತಾಣಿಪುತ್ತ’. ಬೆರಳುಗಳ ಮಾಲೆಯ ಹೆಸರನ್ನು ಬಿಟ್ಟು, ಹೆಸರಿನ ಒಡೆಯನನ್ನೇ ಕೇಳಿ ತಿಳಿದುಕೊಂಡ ಹೆಸರಿನಿಂದ ಕರೆದ.

ಅದೇ ಅಂಗುಲಿಮಾಲ ಭಿಕ್ಷೆಗೆ ಹೋದಾಗ ಕಲ್ಲು, ಕೋಲು ತಗುಲಿ ರಕ್ತ ಸುರಿಸಿಕೊಂಡು ಬಂದ. ‘ಸಹಿಸಿಕೋ’ ಎಂದರು ಬುದ್ಧರು. ಈ ಮಾತನ್ನು ಎತ್ತಿ ನಮಗೂ ಹೇಳುವವರಿದ್ದಾರೆ. ವ್ಯತ್ಯಾಸವನ್ನು ಗಮನಿಸಿ. ಅವನು ಸಹಿಸಿದ್ದು ತಾನೇ ಮಾಡಿದ ಕೃತ್ಯದ ಫಲವನ್ನು. ಯಾವ ತಪ್ಪೂ ಮಾಡದೆ ಹುಟ್ಟಿನಿಂದಲೇ ಕೆಟ್ಟ ಹೆಸರು ಹೊತ್ತ ಮಗುವಿಗೆ ‘ಸಹಿಸಿಕೋ’ ಎನ್ನುವುದು ಧಮ್ಮವಲ್ಲ. ಆ ಹೆಸರನ್ನು ಹಿಡಿದುಕೊಂಡವನಿಗೆ ‘ನಿನ್ನ ನಕಲಿನ ಅವಧಿ ಮುಗಿದಿದೆ’ ಎನ್ನುವುದೇ ಧಮ್ಮ.

ಇದು ಬೇರೆಯವರಿಗಷ್ಟೇ ಹೇಳುವ ಮಾತಾದರೆ ಚಿಂತನ ಅಪೂರ್ಣ. ನಮ್ಮ ಹತ್ತಿರವೂ ಅವಧಿ ಮುಗಿದ ನಕಲುಗಳು ಸಾಕಷ್ಟಿವೆ. ‘ಆ ಮನೆತನದವರೇ ಹಂಗ’, ‘ಅವ ಜೇಲಿಗೆ ಹೋಗಿ ಬಂದಾವ’, ‘ಆಕಿ ಗಂಡನ್ನ ಬಿಟ್ಟಾಕಿ’ ಎನ್ನುತ್ತೇವೆ. ಶಾಲೆಯಲ್ಲಿ ಐದನೆಯ ತರಗತಿಯಲ್ಲಿ ‘ದಡ್ಡ’ ಎನಿಸಿಕೊಂಡ ಹುಡುಗ ಹತ್ತನೆಯ ತರಗತಿವರೆಗೂ ಅದೇ ಬೆಂಚಿನಲ್ಲಿ ಕೂರುತ್ತಾನೆ. ನಡುವೆ ಅವನು ಕಲಿತದ್ದನ್ನು ಯಾರೂ ವಿಚಾರಿಸುವುದಿಲ್ಲ. ನಮಗಿಂತ ಕೆಳಗೆ ಎಂದು ನಾವು ಎಣಿಸಿದ ಇನ್ನೊಂದು ಜಾತಿಯ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಉತ್ತರ ಯಾವ ಕಾಲದ್ದು?

ಇವತ್ತಿನ ಅಭ್ಯಾಸ ಚಿಕ್ಕದು. ಯಾರ ಬಗ್ಗೆ ನಿಮಗೆ ‘ಎಲ್ಲ ಗೊತ್ತು’ ಅನಿಸುತ್ತದೆಯೋ ಅಂಥ ಒಬ್ಬರನ್ನು ಆರಿಸಿಕೊಳ್ಳಿ. ಅವರ ಬಗ್ಗೆ ಮೂರನೆಯವರನ್ನು ಕೇಳಬೇಡಿ. ಅವರ ಹತ್ತಿರವೇ ಹೋಗಿ ‘ಈಗ ಹೆಂಗದೀರಿ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತು ಆಲಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.
ಅಲಖನೂರ