ಗೋಡೆಯಾಚೆಗೆ ಎಸೆದ ಹುಳು

ಹಿತ್ತಿಲಿನ ಕರಿಬೇವಿನ ಗಿಡದಲ್ಲಿ ಹುಳು ಕಂಡರೆ ಅದನ್ನು ಕೊಲ್ಲಬಾರದೆಂಬುದು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ವಿಷಯ. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತ್ಯಜಿಸುವುದೇ ಅಹಿಂಸಾಣುವ್ರತದ ತಳಹದಿ. ಆದರೆ ಆ ಹುಳುವನ್ನು ಕಡ್ಡಿಯಿಂದೆತ್ತಿ ಗೋಡೆಯಾಚೆಗೆ ಎಸೆದರೆ ವ್ರತವು ನಿರ್ದೋಷವಾಗಿ ಉಳಿಯುವುದೇ? ಇದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಆ ಜೀವಿಯನ್ನು ಗುರುತಿಸಬೇಕು. ಅದು ಬಹುಮಟ್ಟಿಗೆ ನಿಂಬೆ ಚಿಟ್ಟೆಯ ಮರಿಹುಳು. ಎಳೆಯದಾಗಿರುವಾಗ ಕಂದು-ಬಿಳುಪು ಬಣ್ಣದಿಂದ ಹಕ್ಕಿಯ ಹಿಕ್ಕೆಯಂತೆ ತೋರುತ್ತದೆ. ಬೆಳೆದ ಮೇಲೆ ಎಲೆಯಂತೆಯೇ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೊಂಬೊಂದನ್ನು ಚಾಚಿ ಕಟುವಾಸನೆ ಬೀರುತ್ತದೆ. ಕಂಬಳಿಹುಳುವಿನಂತೆ ತುರಿಕೆ ತರುವ ರೋಮಗಳು ಇದಕ್ಕಿಲ್ಲ; ಕಚ್ಚುವುದೂ ಇಲ್ಲ. ಸುಮಾರು 2-3 ವಾರ ಎಲೆ ತಿಂದು, ಕೋಶಾವಸ್ಥೆಯನ್ನು ಕಳೆದು, ಚಿಟ್ಟೆಯಾಗಿ ಹಾರಿಹೋಗುತ್ತದೆ.

ನಮ್ಮ ಹಿತ್ತಿಲುಗಳಲ್ಲಿ ಇದು ನಿಂಬೆ, ಕರಿಬೇವು, ಬಿಲ್ವಗಳಂತಹ ಒಂದೇ ಕುಲದ ಗಿಡಗಳನ್ನು ಆಶ್ರಯಿಸಿ ಬದುಕುತ್ತದೆ. ದಾಸವಾಳ, ಮಲ್ಲಿಗೆಗಳು ಇದಕ್ಕೆ ಆಹಾರವಲ್ಲ. ಎಂದಮೇಲೆ ಗೋಡೆಯಾಚೆಗೆ ಎಸೆದ ಹುಳುವಿಗೆ ಉಪವಾಸವೇ ಗತಿ. ಆ ಉಪವಾಸವು ತಪಸ್ಸಲ್ಲ, ಮರಣ.

ತತ್ತ್ವಾರ್ಥಸೂತ್ರವು ಈ ಅಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ 5 ಅತಿಚಾರಗಳನ್ನು ಹೇಳಿದೆ. ಕೊನೆಯದು ಸಾಕಿದ ದನಕರುಗಳಿಗೆ ಮಾತ್ರ ಅನ್ವಯಿಸುವುದೆಂದು ಕೆಲವರು ಭಾವಿಸಬಹುದು. ಹುಳುವನ್ನು ನಾವು ಸಾಕಿಲ್ಲ, ನಿಜ. ಆದರೆ ಅದನ್ನು ಎಲೆಯಿಂದ ಎತ್ತಿದ ಕ್ಷಣದಲ್ಲಿಯೇ ಅದರ ಆಹಾರವನ್ನು ಕಿತ್ತವರು ನಾವಾಗುತ್ತೇವೆ. ಕಣ್ಣೆದುರಿನಲ್ಲಿ ಸಾಯಲಿಲ್ಲವೆಂಬುದು ಸಮಾಧಾನವಾಗಬಹುದೇ ಹೊರತು ಅಹಿಂಸೆಯಾಗದು.

ಹಾಗಾದರೆ ಗೃಹಸ್ಥನು ಗಿಡವನ್ನು ಕಳೆದುಕೊಳ್ಳಬೇಕೇ? ಬೇಕಿಲ್ಲ. ಬಲಿತ ಗಿಡವು ಎಲೆ ಹೋದರೂ ಮರಳಿ ಚಿಗುರುತ್ತದೆ. ಎಳೆಯ ಸಸಿಗೆ, ಮೊಟ್ಟೆ-ಹುಳುಗಳಿಲ್ಲವೆಂದು ನೋಡಿಕೊಂಡು, ತೆಳುವಾದ ಬಲೆಬಟ್ಟೆ ಹೊದಿಸಿದರೆ ಚಿಟ್ಟೆಯು ಮೊಟ್ಟೆಯಿಡಲಾರದು. ಸ್ಥಳಾಂತರಿಸಲೇಬೇಕಾದರೆ ಹುಳುವಿರುವ ಕಡ್ಡಿಯನ್ನೇ ಕತ್ತರಿಸಿ, ಇನ್ನೊಂದು ಕರಿಬೇವು ಅಥವಾ ನಿಂಬೆಗಿಡದ ಕೊಂಬೆಗೆ ಸೇರಿಸಬೇಕು. ಅಡುಗೆಗೆಂದು ಎಲೆ ಕೀಳುವಾಗ ಎರಡೂ ಬದಿಯನ್ನು ನೋಡಬೇಕು. ತಿಳಿಹಳದಿಯ ಗುಂಡುಮೊಟ್ಟೆಯಿದ್ದರೆ ಆ ಎಲೆಯನ್ನು ಗಿಡದಲ್ಲಿಯೇ ಬಿಡಬೇಕು. ಯತ್ನಾಚಾರವೆಂದರೆ ಇದೇ.

ಅಷ್ಟಮಿ-ಚತುರ್ದಶಿಗಳಲ್ಲಿ ನಾವು ಹಸಿರೆಲೆಯನ್ನು ತ್ಯಜಿಸುತ್ತೇವೆ. ನಾವು ಬಿಟ್ಟ ಎಲೆಯನ್ನು ಇನ್ನೊಂದು ಜೀವಿಯು ತಿಂದರೆ ಮನಸ್ಸು ಮುನಿಯುವುದಾದರೆ, ತ್ಯಾಗವಾದುದು ನಾಲಿಗೆಯಿಂದ ಮಾತ್ರ. ಮಮಕಾರವು ಗಿಡದಲ್ಲಿಯೇ ಉಳಿದಿದೆ. ಅದನ್ನು ಬಿಟ್ಟಾಗಲೇ ವ್ರತವು ಪೂರ್ಣ.